ರೆಪ್ಪೆಯಂಚಿನ ಎಣ್ಣೆ

ಏಪ್ರಿಲ್‌ನ ಹುಬ್ಬಳ್ಳಿ. ಹತ್ತು ಗಂಟೆಯಾಗುವಷ್ಟರಲ್ಲಿ ರಸ್ತೆಯ ಡಾಂಬರು ಕಾದು ವಾಸನೆ ಬಿಡುತ್ತಿದೆ. ಕಣ್ಣಿನ ಆಸ್ಪತ್ರೆಯ ಉದ್ದನೆಯ ಬೆಂಚುಗಳ ಮೇಲೆ, ಪಾಪೆ ಅಗಲವಾಗಲೆಂದು ಹನಿ ಹಾಕಿಸಿಕೊಂಡವರು ಸಾಲಾಗಿ ಕೂತಿದ್ದಾರೆ. ಧೋತರ, ಗಾಂಧಿ ಟೊಪ್ಪಿಗೆ, ಇಳಕಲ್ ಸೀರೆ, ಜೀನ್ಸ್ ಪ್ಯಾಂಟು, ಎಲ್ಲರದೂ ಒಂದೇ ಭಂಗಿ: ತಲೆ ಗೋಡೆಗೆ ಒರಗಿದೆ, ಕಣ್ಣು ಮುಚ್ಚಿದೆ, ಕೈಯಲ್ಲಿ ಹತ್ತಿಯ ತುಣುಕಿದೆ. ಯಾರಾದರೂ ಕದ್ದು ಕಣ್ಣು ತೆರೆದರೆ ಸಿಸ್ಟರ್ ಅಲ್ಲಿಂದಲೇ ಗದರುತ್ತಾರೆ: "ಕಣ್ಣ ತಗೀಬ್ಯಾಡ್ರಿ ಅಜ್ಜಾರ, ಇನ್ನಾ ಇಪ್ಪತ್ ಮಿನಿಟ್ ಐತಿ."

ಒಳಗಿನ ಕೋಣೆಯಲ್ಲಿ ಕತ್ತಲು. ಮೇಜಿನ ಮೇಲೆ ಸ್ಲಿಟ್ ಲ್ಯಾಂಪ್. ಸ್ವೀಡನ್ನಿನ ಆಲ್ವಾರ್ ಗುಲ್‌ಸ್ಟ್ರಾಂಡ್ 1911ರಲ್ಲಿ ರೂಪಿಸಿದ ಯಂತ್ರದ ಇವತ್ತಿನ ಪೀಳಿಗೆ ಇದು. ತೆಳ್ಳನೆಯ ಬೆಳಕಿನ ಸೀಳು ಕಣ್ಣಿನ ಮೇಲೆ ಅಡ್ಡಾಡುತ್ತದೆ. ಡಾಕ್ಟರು ಆಚೆಯಿಂದ ಹಿಗ್ಗಿಸಿ ನೋಡುತ್ತಾರೆ. ಈಗ ಗದ್ದ ಊರಿ ಕೂತವರು ಪ್ರಾಥಮಿಕ ಶಾಲೆಯ ಅಕ್ಕೋರು, ಐವತ್ತರ ಆಸುಪಾಸು.

"ಕಣ್ಣಾಗ ಉಸುಕು ಬಿದ್ದಂಗ ಆಗ್ತೈತ್ರೀ. ಮಧ್ಯಾಹ್ನ ಆತಂದ್ರ ಉರೀತಾವು. ಟಿವಿ ಮುಂದ ಕುಂತ್ರ ಸುಮ್ಸುಮ್ನ ನೀರು ಸುರೀತಾವು."

ನೀರು ಸುರಿಯುವ ಕಣ್ಣಿಗೆ ಒಣಗಣ್ಣು ಎನ್ನುವುದು ವಿಚಿತ್ರವಾಗಿ ಕೇಳುತ್ತದೆ. ಆದರೆ ಒಣಗಿ ಕೆರಳಿದ ಕಣ್ಣು ಗಾಬರಿಬಿದ್ದು ಸುರಿಸುವ ನೀರು ಅದು, ನಿಲ್ಲುವ ನೀರಲ್ಲ. ಡಾಕ್ಟರಮ್ಮ ಕೆಳರೆಪ್ಪೆಯ ಮೂಲೆಗೆ ಐದು ಮಿಲಿಮೀಟರ್ ಅಗಲದ ಸೋಸುಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಡುತ್ತಾರೆ. 1903ರಲ್ಲಿ ಒಟ್ಟೊ ಶಿರ್ಮರ್ ಹೇಳಿಕೊಟ್ಟ ಪರೀಕ್ಷೆ. ನೂರಿಪ್ಪತ್ತು ವರ್ಷ ಕಳೆದರೂ ಅದೇ ಕಾಗದ, ಅದೇ ಐದು ನಿಮಿಷ. ಪಟ್ಟಿ ಹನ್ನೆರಡು ಮಿಲಿಮೀಟರಿನವರೆಗೆ ಒದ್ದೆಯಾಗಿದೆ. ಅಂದರೆ ನೀರಿಗೆ ಕೊರತೆಯಿಲ್ಲ. ಆಮೇಲೆ ಹಳದಿ ಫ್ಲೋರೆಸೀನ್ ಬಣ್ಣ ತಾಗಿಸಿ ನೀಲಿ ಬೆಳಕು ಹಾಯಿಸುತ್ತಾರೆ. ಕಣ್ಣಿಗೆ ಕಣ್ಣೇ ಹಸಿರಾಗಿ ಹೊಳೆಯುತ್ತದೆ. "ಒಮ್ಮೆ ಮಿಟಕಸ್ರಿ. ಇನ್ನ ಬ್ಯಾಡ." ಒಂದು, ಎರಡು, ಮೂರು... ನಾಲ್ಕಕ್ಕೆ ಹಸಿರಿನ ನಡುವೆ ಕಪ್ಪು ಚುಕ್ಕೆಯೊಂದು ತೆರೆದುಕೊಂಡಿತು, ಪಕ್ಕದಲ್ಲೇ ಇನ್ನೊಂದು. ಕಣ್ಣೀರಿನ ಪದರ ಹರಿದಿದೆ. ಹತ್ತು ಸೆಕೆಂಡಾದರೂ ಅದು ಹಿಡಿದು ನಿಲ್ಲಬೇಕಿತ್ತು.

ಡಾಕ್ಟರಮ್ಮ ಮೇಲ್ರೆಪ್ಪೆಯನ್ನು ಹಿಡಿದು ಅಂಚನ್ನು ಮೆಲ್ಲಗೆ ಒತ್ತುತ್ತಾರೆ. ರೆಪ್ಪೆಗೂದಲ ಹಿಂದಿನ ಸಾಲಿನಲ್ಲಿ ಸೂಜಿಮೊನೆಯಷ್ಟು ಸಣ್ಣ ಬಾಯಿಗಳಿವೆ. ಆರೋಗ್ಯವಂತ ಕಣ್ಣಿನಲ್ಲಿ ಒತ್ತಿದೊಡನೆ ಅವುಗಳಿಂದ ತಿಳಿಯಾದ ಎಣ್ಣೆ ಹನಿಯಾಗಿ ಬರುತ್ತದೆ. ಇಲ್ಲಿ ಬಂದದ್ದು ಚಳಿಗಾಲದ ಬೆಳಿಗ್ಗೆ ಡಬ್ಬಿಯ ತಳದಲ್ಲಿ ಹರಳುಗಟ್ಟಿದ ತುಪ್ಪದಂಥ ಬಿಳಿ ಮುದ್ದೆ. ಕೆಲವು ಬಾಯಿಗಳಿಂದ ಅದೂ ಇಲ್ಲ.

"ಮುಟ್ಟು ನಿಂತು ಎಷ್ಟು ವರ್ಷ ಆತ್ರೀ ಅಕ್ಕೋರ?"

ಅಕ್ಕೋರು ಯಂತ್ರದಿಂದ ಗದ್ದ ಎತ್ತಿಬಿಟ್ಟರು. "ನಾಕ್ ವರ್ಷ ಆತ್ರೀ. ಕಣ್ಣಿಗೂ ಅದಕ್ಕೂ ಏನ್ ಸಂಬಂಧರೀ?"

ಈ ಪ್ರಶ್ನೆಯನ್ನು ವೈದ್ಯವಿಜ್ಞಾನವೂ ಬಹಳ ತಡವಾಗಿ ಗಂಭೀರವಾಗಿ ಕೇಳಿಕೊಂಡಿತು. ಸುಳಿವುಗಳಿಗೇನೂ ಬರವಿರಲಿಲ್ಲ. 1933ರಲ್ಲಿ ಹೆನ್ರಿಕ್ ಶೋಗ್ರೆನ್ ಎಂಬ ಸ್ವೀಡಿಶ್ ನೇತ್ರವೈದ್ಯ ಕಣ್ಣು, ಬಾಯಿ ಎರಡೂ ಒಣಗುವ ಕಾಯಿಲೆಯ ಮೇಲೆ ಪ್ರಬಂಧ ಬರೆದಾಗ ಅವನ ಮುಂದಿದ್ದ 19 ರೋಗಿಗಳೂ ಹೆಂಗಸರೇ. ಬಸುರಿಯರಿಗೆ ಕಾಂಟ್ಯಾಕ್ಟ್ ಲೆನ್ಸ್ ಒಗ್ಗದೆ ಹೋಗುವುದು, ಅವರ ಕಾರ್ನಿಯಾ ತುಸು ದಪ್ಪಗಾಗುವುದು ಕನ್ನಡಕದವರಿಗೆಲ್ಲ ಗೊತ್ತು. ಹೆರಿಗೆಯಾಗಿ ಕೆಲವು ತಿಂಗಳು ಕಳೆಯುವವರೆಗೆ ಹೊಸ ನಂಬರು ಬರೆಸಬೇಡಿ ಎನ್ನುತ್ತಾರೆ. ಆದರೂ ಉರಿಗಣ್ಣಿನ ಹೆಂಗಸು ಬಂದರೆ ಒಲೆಯ ಹೊಗೆ, ನಿದ್ದೆಗೇಡು, ವಯಸ್ಸು ಎಂದು ಹೇಳಿ ಕಳಿಸುವ ರೂಢಿ ಗಟ್ಟಿಯಾಗಿ ನಿಂತಿತ್ತು. ಇನ್ನೂ ಪೂರ್ತಿ ಹೋಗಿಲ್ಲ.

ರೆಪ್ಪೆಯಂಚಿನ ಆ ಗ್ರಂಥಿಗಳನ್ನು 1666ರಲ್ಲಿ ವಿವರವಾಗಿ ಬರೆದವನು ಜರ್ಮನಿಯ ಹೆಲ್ಮ್‌ಸ್ಟೆಟ್‌ನ ಹೈನ್ರಿಕ್ ಮೈಬೋಮ್. ಅವನ ಹೆಸರೇ ಉಳಿದಿದೆ: ಮೈಬೋಮಿಯನ್ ಗ್ರಂಥಿಗಳು. ಮೇಲ್ರೆಪ್ಪೆಯಲ್ಲಿ 25ರಿಂದ 40, ಕೆಳರೆಪ್ಪೆಯಲ್ಲಿ 20ರಿಂದ 30. ಸೂಕ್ಷ್ಮದರ್ಶಕದಲ್ಲಿ ಇದರ ಒಂದು ಗೊಂಚಲನ್ನು ನೋಡಬೇಕು. ಅಂಚಿನಲ್ಲಿ ಪುಟ್ಟ ಜೀವಕೋಶಗಳು ಹುಟ್ಟುತ್ತವೆ, ನಡುವಿಗೆ ಸರಿಯುತ್ತ ಸರಿಯುತ್ತ ಒಡಲ ತುಂಬ ಎಣ್ಣೆಯ ಬಿಂದುಗಳನ್ನು ಕೂಡಿಹಾಕಿಕೊಳ್ಳುತ್ತವೆ, ಕೊನೆಗೆ ತಾವೇ ಒಡೆದು ಕರಗುತ್ತವೆ. ರೆಪ್ಪೆ ಬಡಿದಾಗ ಕಣ್ಣಿನ ಮೇಲೆ ಹರಡುವ ಎಣ್ಣೆ ಎಂದರೆ ಜೀವಕೋಶಗಳ ಇಡೀ ಮೈಯೇ. ಅದು ಹರಡಿದರೆ ಕೆಳಗಿನ ನೀರು ಬೇಗ ಆರುವುದಿಲ್ಲ. ಕಣ್ಣೀರಿನ ಪದರದ ಒಟ್ಟು ದಪ್ಪ ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ಮೂರು ಭಾಗದಷ್ಟು. ಮೇಲಿನ ಎಣ್ಣೆ ಅದರಲ್ಲೂ ಒಂದು ಸಣ್ಣ ಅಂಶ.

ಜೀವಕೋಶ ಎಷ್ಟು ಎಣ್ಣೆ ಮಾಡಬೇಕು ಎಂಬುದಕ್ಕೆ ಅಪ್ಪಣೆ ಕೊಡುವುದರಲ್ಲಿ ದೊಡ್ಡ ಪಾಲು ಆಂಡ್ರೋಜೆನ್‌ನದು. ಗಡ್ಡ ಮೀಸೆ ಬರಿಸುವ, 'ಗಂಡಸಿನ ಹಾರ್ಮೋನು' ಎಂದು ಹೆಸರಾದ ಅದೇ ಆಂಡ್ರೋಜೆನ್. ಹೆಂಗಸರ ಮೈಯಲ್ಲೂ ಅದುಂಟು. ಅಂಡಾಶಯ ಒಂದಿಷ್ಟು ಕೊಡುತ್ತದೆ. ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿ ಕಚ್ಚಾ ರೂಪದಲ್ಲಿ ಕಳಿಸುತ್ತದೆ, ಅದನ್ನು ಬೇಕಾದ ಜಾಗದಲ್ಲೇ ಅಂಗಾಂಶಗಳು ಪರಿವರ್ತಿಸಿಕೊಳ್ಳುತ್ತವೆ. ಯೌವನ ದಾಟಿದ ಮೇಲೆ ವರ್ಷ ವರ್ಷವೂ ಈ ಕಚ್ಚಾ ಸರಕು ಇಳಿಯುತ್ತ ಹೋಗುತ್ತದೆ.

ಹಾರ್ಮೋನು ರಕ್ತದ ಜೊತೆ ಮೈಯೆಲ್ಲ ಸುತ್ತುತ್ತದೆ. ಆದರೆ ಎಲ್ಲ ಜೀವಕೋಶಗಳೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯಾವುದರ ಒಳಗೆ ಅದನ್ನು ಹಿಡಿಯುವ ಪ್ರೋಟೀನು ಇದೆಯೋ ಅಲ್ಲಿ ಮಾತ್ರ ಕೆಲಸ ನಡೆಯುತ್ತದೆ. ಆ ಪ್ರೋಟೀನೇ ಗ್ರಾಹಿ. ಆಂಡ್ರೋಜೆನ್ ಬಂದು ಗ್ರಾಹಿಗೆ ಅಂಟಿತೆಂದರೆ ಎರಡೂ ಸೇರಿ ಡಿಎನ್‌ಎ ಮೇಲೆ ತಮಗೆ ಗೊತ್ತಿರುವ ಜಾಗದಲ್ಲಿ ಕೂರುತ್ತವೆ. ಅಲ್ಲಿನ ಜೀನ್‌ಗಳು ಚುರುಕಾಗುತ್ತವೆ. ರೆಪ್ಪೆಯ ಗ್ರಂಥಿಯಲ್ಲಿ ಹಾಗೆ ಚುರುಕಾಗುವವುಗಳಲ್ಲಿ ಕೊಬ್ಬು ತಯಾರಿಸುವ ಜೀನ್‌ಗಳು ಅನೇಕ. ಈ ಗ್ರಾಹಿಯ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ. ಮೀಸೆ ತಿರುವುವ ಪ್ರತಿಯೊಬ್ಬನಿಗೂ ಆ ಹಾರ್ಮೋನನ್ನು ಹಿಡಿಯುವ ಶಕ್ತಿ ಬಂದದ್ದು ತಾಯಿಯಿಂದ. ಅಪ್ಪನಿಂದ ಬರಲು ದಾರಿಯೇ ಇಲ್ಲ.

ಇಂಥ ಗ್ರಾಹಿಗಳು ಕಣ್ಣಿನಲ್ಲಿ ಎಲ್ಲೆಲ್ಲಿವೆ ಎಂದು ಹುಡುಕುವುದನ್ನೇ ಬದುಕಾಗಿಸಿಕೊಂಡವರು ಬಾಸ್ಟನ್ನಿನ ಷೆಪೆನ್ಸ್ ಕಣ್ಣಿನ ಸಂಶೋಧನಾ ಸಂಸ್ಥೆಯ ಡೇವಿಡ್ ಸಲಿವನ್. ಅವರ ತಂಡ 2000ದಲ್ಲಿ ಇಲಿ, ಮೊಲ ಮತ್ತು ಮನುಷ್ಯರ ಕಣ್ಣಿನ ತುಣುಕುಗಳನ್ನು ಒಂದೊಂದಾಗಿ ತೆಗೆದು ಪರೀಕ್ಷಿಸಿತು. ಅದಕ್ಕೆ ಮನುಷ್ಯರ ಕಣ್ಣು ಬೇಕು. ಅದು ಬರುವುದು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕುಗಳಿಂದ, ಇಲ್ಲವೇ ತೀರಿಕೊಂಡವರಿಂದ.

ನೇತ್ರದಾನದ ಮನೆಯ ಚಿತ್ರ ಕರ್ನಾಟಕಕ್ಕೆ ಹೊಸದಲ್ಲ. ರಾಜಕುಮಾರ್ ದಾನ ಮಾಡಿದ್ದರು. 2021ರ ಅಕ್ಟೋಬರಿನಲ್ಲಿ ಪುನೀತ್ ತೀರಿಕೊಂಡಾಗ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ಎರಡು ಕಾರ್ನಿಯಾಗಳ ಪದರಗಳನ್ನು ಬಿಡಿಸಿ ನಾಲ್ವರಿಗೆ ಕೂರಿಸಿದ್ದರು. ಆಮೇಲೆ ಹಳ್ಳಿಹಳ್ಳಿಗಳಲ್ಲೂ ಜನ ಫಾರಂ ತುಂಬಿದರು. ತಂಡ ಬರುವವರೆಗೆ ಮನೆಯವರಿಗೆ ಫೋನಿನಲ್ಲೇ ಹೇಳುತ್ತಾರೆ: ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಕೊಡಿ. ಆರು ಗಂಟೆಯೊಳಗೆ ಕೆಲಸ ಮುಗಿಯಬೇಕು. ಅಂಗಳದಲ್ಲಿ ಅಳು, ಒಳಕೋಣೆಯಲ್ಲಿ ಟಾರ್ಚಿನಷ್ಟು ಬೆಳಕು, ಇಪ್ಪತ್ತು ನಿಮಿಷದ ಕೈಚಳಕ, ಮಂಜುಗಡ್ಡೆಯ ಡಬ್ಬಿ. ಕಾರ್ನಿಯಾ ನಾಟಿಗೆ ಹೋಗುತ್ತದೆ. ಉಳಿದದ್ದು, ಮನೆಯವರ ಒಪ್ಪಿಗೆಯಿದ್ದರೆ, ಕಲಿಕೆಗೆ ಮತ್ತು ಸಂಶೋಧನೆಗೆ.

ಪ್ರಯೋಗಾಲಯಕ್ಕೆ ಬಂದ ತುಣುಕಿನಲ್ಲಿ ಹುಡುಕುವುದು ಎಂಆರ್‌ಎನ್‌ಎಯನ್ನು, ಕೋವಿಡ್ ಲಸಿಕೆಯ ಕಾಲದಲ್ಲಿ ಪತ್ರಿಕೆಗಳು ನಮಗೆಲ್ಲ ಪರಿಚಯಿಸಿದ ಅದೇ ಅಣು. ಯಾವುದಾದರೂ ಜೀನ್ ಕೆಲಸ ಮಾಡುತ್ತಿದ್ದರೆ ಮೊದಲು ಅದರ ಆರ್‌ಎನ್‌ಎ ಪ್ರತಿ ತಯಾರಾಗುತ್ತದೆ, ಆ ಪ್ರತಿಯನ್ನು ಓದಿ ಪ್ರೋಟೀನು. ಮಹಾ ನಾಜೂಕು ವಸ್ತು ಇದು. ಬೆರಳಿನ ಬೆವರಿನಲ್ಲಿರುವ ಕಿಣ್ವವೇ ಸಾಕು ಇದನ್ನು ನುಂಗಲು. ಹಾಗಾಗಿ ಕೈಗವಸು, ಶೂನ್ಯಕ್ಕಿಂತ 80 ಡಿಗ್ರಿ ಕೆಳಗಿನ ಫ್ರೀಜರು, ಬಾಗಿಲು ತೆರೆದರೆ ನೆಲಕ್ಕಿಳಿಯುವ ಬಿಳಿ ಹಬೆ. ತುಣುಕನ್ನು ಗುಲಾಬಿ ಬಣ್ಣದ ಘಾಟು ದ್ರಾವಣದಲ್ಲಿ ಅರೆದು, ಕ್ಲೋರೋಫಾರಂ ಬೆರೆಸಿ ಯಂತ್ರದಲ್ಲಿ ತಿರುಗಿಸಿದರೆ ಕೊಳವೆಯಲ್ಲಿ ಪದರಗಳಾಗಿ ಬೇರ್ಪಡುತ್ತದೆ: ಕೆಳಗೆ ಗುಲಾಬಿ, ನಡುವೆ ಬಿಳಿ ಕೆನೆ, ಮೇಲೆ ತಿಳಿನೀರು. ಆರ್‌ಎನ್‌ಎ ಇರುವುದು ಆ ತಿಳಿಯಲ್ಲಿ. ಟೆಮಿನ್ ಮತ್ತು ಬಾಲ್ಟಿಮೋರ್ 1970ರಲ್ಲಿ ಕಂಡುಕೊಟ್ಟ ಕಿಣ್ವದಿಂದ ಅದನ್ನು ಡಿಎನ್‌ಎಗೆ ತಿರುಗಿಸಿ, ಪಿಸಿಆರ್ ಯಂತ್ರಕ್ಕೆ ಹಾಕುತ್ತಾರೆ. ಕುದಿಗೆ ಹತ್ತಿರದ ಬಿಸಿ, ತುಸು ತಂಪು, ಮತ್ತೆ ಬಿಸಿ. ಪ್ರತಿ ಸುತ್ತಿಗೂ ಎರಡರಷ್ಟು. ಎಲ್ಲ ಸರಿಹೋದರೆ ಮೂವತ್ತು ಸುತ್ತು ಮುಗಿದಾಗ ಒಂದು ಪ್ರತಿ ಇದ್ದದ್ದು ನೂರೇಳು ಕೋಟಿ. ಆ ಬಿಸಿಯಲ್ಲೂ ಕೆಡದ ಕಿಣ್ವ ಸಿಕ್ಕಿದ್ದು ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರಿನ ಬುಗ್ಗೆಗಳಲ್ಲಿ ಬದುಕುವ ಬ್ಯಾಕ್ಟೀರಿಯಾದಿಂದ. ಕೊನೆಗೆ ಕತ್ತಲೆಯಲ್ಲಿ, ನೇರಳಾತೀತ ದೀಪದ ಮೇಲಿಟ್ಟ ಜೆಲ್ಲಿನಲ್ಲಿ ಕಿತ್ತಳೆ ಬಣ್ಣದ ಗೆರೆಗಳು ಕಾಣಿಸುತ್ತವೆ. ಒಂದು ಗೆರೆಯೆಂದರೆ ಒಂದು ಜೀನ್ ಆ ತುಣುಕಿನಲ್ಲಿ ಸುಮ್ಮನಿರಲಿಲ್ಲ ಎಂಬುದಕ್ಕೆ ಸಾಕ್ಷಿ.

ಗೆರೆಗಳು ಕಾಣಿಸಿದ ಜಾಗಗಳ ಪಟ್ಟಿ ಕಣ್ಣಿನ ಭೂಪಟದ ಹಾಗೇ ಇತ್ತು. ಕಣ್ಣೀರಿನ ಗ್ರಂಥಿ, ರೆಪ್ಪೆಯ ಎಣ್ಣೆಗ್ರಂಥಿ, ಬಿಳಿಗುಡ್ಡೆಯ ಮೇಲಿನ ಪೊರೆ, ಕಾರ್ನಿಯಾ, ಬಣ್ಣದ ಐರಿಸ್, ಮಸೂರ, ಅಕ್ಷಿಪಟಲದ ಹಿಂದಿನ ಕಪ್ಪು ಪದರ: ಆಂಡ್ರೋಜೆನ್, ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಗ್ರಾಹಿಗಳಲ್ಲಿ ಒಂದಲ್ಲ ಒಂದರ ಸುಳಿವು ಇಲ್ಲೆಲ್ಲ ಸಿಕ್ಕಿತು. ಅದಕ್ಕೆ ಒಂದು ವರ್ಷ ಮೊದಲು ಲಾಸ್ ಏಂಜಲಿಸ್‌ನ ಜೂಲ್ಸ್ ಸ್ಟೈನ್ ಸಂಸ್ಥೆಯವರು ಇನ್ನೂ ಕುತೂಹಲದ ವರದಿ ಕೊಟ್ಟಿದ್ದರು. ಈಸ್ಟ್ರೋಜೆನ್ ಗ್ರಾಹಿಯ ಆಲ್ಫಾ ಎಂಬ ಬಗೆ ಅವರಿಗೆ ಹರೆಯದ ಹೆಂಗಸರ ಅಕ್ಷಿಪಟಲದಲ್ಲಿ ಸಿಕ್ಕಿತು. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಸಿಗಲಿಲ್ಲ.

ಇಲ್ಲಿ ಸ್ವಲ್ಪ ತಡೆಯಬೇಕು. ಪಿಸಿಆರ್ ಹದ್ದಿನ ಕಣ್ಣಿನ ವಿದ್ಯೆ. ನಾಲ್ಕು ಪ್ರತಿ ಇದ್ದರೂ ಗೆರೆ ಬರುತ್ತದೆ. ಆರ್‌ಎನ್‌ಎ ಇದ್ದಲ್ಲೆಲ್ಲ ಪ್ರೋಟೀನು ಸಾಕಷ್ಟು ಇರುತ್ತದೆಂದಲ್ಲ, ಪ್ರೋಟೀನು ಇದ್ದಲ್ಲೆಲ್ಲ ಅದರಿಂದ ಹೇಳಿಕೊಳ್ಳುವಂಥ ಕೆಲಸ ಆಗುತ್ತದೆಂದೂ ಅಲ್ಲ. ಎಣ್ಣೆಗ್ರಂಥಿಯ ಮಟ್ಟಿಗೆ ಬೇರೆ ಪುರಾವೆಗಳು ಕೂಡಿಬಂದವು. ಪ್ರಾಸ್ಟೇಟ್ ತೊಂದರೆಗೆ ಆಂಡ್ರೋಜೆನ್ ತಡೆಯುವ ಮದ್ದು ಪಡೆಯುವ ಗಂಡಸರಲ್ಲಿ ಆ ಎಣ್ಣೆ ಕೆಡುತ್ತದೆ. ಹುಟ್ಟಿನಿಂದಲೇ ಆಂಡ್ರೋಜೆನ್ ಗ್ರಾಹಿ ಕೆಲಸ ಮಾಡದವರಲ್ಲೂ ಕೆಡುತ್ತದೆ. ಉಳಿದ ಗೆರೆಗಳ ಅರ್ಥ ಅಷ್ಟು ಸಲೀಸಲ್ಲ.

ಸಲೀಸೆಂದುಕೊಂಡವರಿಗೆ 2001ರಲ್ಲಿ ಪೆಟ್ಟು ಬಿತ್ತು. ಲೆಕ್ಕಾಚಾರ ಸುಲಭವಿತ್ತು: ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿಯುತ್ತದೆ, ಕಣ್ಣು ಒಣಗುತ್ತದೆ, ಕಣ್ಣಿನಲ್ಲಿ ಗ್ರಾಹಿಯಿದೆ, ಆದ್ದರಿಂದ ಈಸ್ಟ್ರೋಜೆನ್ ಮಾತ್ರೆ ಕೊಟ್ಟರೆ ಕಣ್ಣು ನೆನೆಯಬೇಕು. ಅಮೆರಿಕದಲ್ಲಿ ಮುಟ್ಟು ನಿಂತ 25,665 ಹೆಂಗಸರ ಮಾಹಿತಿ ತೆಗೆದು ನೋಡಿದರೆ ತಲೆಕೆಳಗು. ಬರೀ ಈಸ್ಟ್ರೋಜೆನ್ ತೆಗೆದುಕೊಳ್ಳುತ್ತಿದ್ದವರಲ್ಲಿ ಒಣಗಣ್ಣಿನ ಸಂಭವ ಏನೂ ತೆಗೆದುಕೊಳ್ಳದವರಿಗಿಂತ ಶೇ 69ರಷ್ಟು ಹೆಚ್ಚು. ಪ್ರೊಜೆಸ್ಟರಾನ್ ಬಗೆಯದನ್ನೂ ಸೇರಿಸಿ ತೆಗೆದುಕೊಂಡವರಲ್ಲಿ ಶೇ 29ರಷ್ಟು. ಎಣ್ಣೆಗ್ರಂಥಿಯಲ್ಲಿ ಆಂಡ್ರೋಜೆನ್ ಹೆಚ್ಚಿಸುವ ಕೆಲಸಕ್ಕೆ ಈಸ್ಟ್ರೋಜೆನ್ ಅಡ್ಡಗಾಲು ಹಾಕುತ್ತದೆ ಎಂಬ ವಿವರಣೆಯನ್ನು ಬಹಳ ಜನ ಒಪ್ಪುತ್ತಾರೆ. ಏನೇ ಇರಲಿ, ಅಕ್ಕೋರ ಕೈಯಲ್ಲಿರುವ ಚೀಟಿಯಲ್ಲಿ ಹಾರ್ಮೋನು ಮಾತ್ರೆಯಿಲ್ಲ. ದಿನಕ್ಕೆರಡು ಬಾರಿ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ, ರೆಪ್ಪೆಯಂಚಿಗೆ ಮೆಲ್ಲಗೆ ತೀಡುವುದು, ಕೃತಕ ಕಣ್ಣೀರಿನ ಹನಿ. ಹೆಪ್ಪುಗಟ್ಟಿದ್ದು ಕಾವಿಗೆ ಕರಗುತ್ತದೆ.

ಮುಂದಿನ ಸರದಿ ಹನ್ನೊಂದರ ಹುಡುಗನದು. ಎರಡೂ ಮುಷ್ಟಿಯಿಂದ ಕಣ್ಣು ತಿಕ್ಕುತ್ತಲೇ ಒಳಗೆ ಬಂದ. ಬಿಳಿಗುಡ್ಡೆ ಕಂದುಗೆಂಪು. ಬೇಸಿಗೆಯಲ್ಲಿ ಕೆರಳುವ ಅಲರ್ಜಿ. ಹೆಚ್ಚಾಗಿ ಗಂಡುಹುಡುಗರಿಗೆ ಬರುತ್ತದೆ, ಮೀಸೆ ಮೂಡುವ ಹೊತ್ತಿಗೆ ಬಹುಪಾಲು ತಾನಾಗಿ ಇಳಿಯುತ್ತದೆ. ಆ ವಯಸ್ಸಿನ ಲೆಕ್ಕವೇ ಸಂಶೋಧಕರಿಗೆ ಹಾರ್ಮೋನಿನ ಅನುಮಾನ ಹುಟ್ಟಿಸಿತು. ಈ ಕಾಯಿಲೆಯ ಮಕ್ಕಳ ಬಿಳಿಗುಡ್ಡೆಯ ಮೇಲಿನ ಪೊರೆಯ ತುಣುಕುಗಳಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಗ್ರಾಹಿಗಳು ಸಿಕ್ಕಿವೆ. ಆದರೆ ಡಾಕ್ಟರಮ್ಮನ ಕಣ್ಣು ಹುಡುಗನ ತಾಯಿಯ ಸೆರಗಿನ ಗಂಟಿನಿಂದ ಹೊರಬಂದ ಪುಟ್ಟ ಬಾಟಲಿಯ ಮೇಲಿದೆ.

"ಇದನ್ನ ಎಷ್ಟ್ ದಿನದಿಂದ ಹಾಕಾಕತ್ತೀರಿ?"

"ಎರಡ್ ವರ್ಷ ಆತ್ರೀ ಬಾಯಾರ. ಮೆಡಿಕಲ್ ಅಂಗಡ್ಯಾಗ ಕೊಡ್ತಾರ. ಹಾಕಿದ ಕೂಡ್ಲೇ ಕೆಂಪು ಇಳೀತೈತಿ."

ಇಳಿಯದೆ ಏನು? ಅದು ಸ್ಟಿರಾಯ್ಡ್. ಕಾರ್ಟಿಸಾಲ್ ಹಾರ್ಮೋನಿನ ಕೃತಕ ತಮ್ಮಂದಿರು ಇವು. ಉರಿಯೂತದ ಜೀವಕೋಶದಲ್ಲಿರುವ ಗ್ರಾಹಿಯನ್ನು ಹಿಡಿದು ಕೆಂಪು ಇಳಿಸುತ್ತವೆ. ತೊಂದರೆಯೆಂದರೆ ಅದೇ ಗ್ರಾಹಿ ಕಣ್ಣಿನ ಮುಂಭಾಗದ ಮೂಲೆಯಲ್ಲಿ, ಒಳನೀರು ಸೋಸಿ ಹೊರಹೋಗುವ ಜಾಲರಿಯ ಜೀವಕೋಶಗಳಲ್ಲೂ ಇದೆ. ಅಲ್ಲಿ ಸ್ಟಿರಾಯ್ಡ್ ಮುಟ್ಟಿದರೆ ಜಾಲರಿ ಬಿರುಸಾಗುತ್ತದೆ, ನೀರು ಇಂಗುವುದು ಕಡಿಮೆಯಾಗುತ್ತದೆ, ಒತ್ತಡ ಏರುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಸುಮಾರು ಮೂರರಲ್ಲಿ ಒಬ್ಬರಿಗೆ ಸ್ವಲ್ಪ, ನೂರರಲ್ಲಿ ಐದಾರು ಜನರಿಗೆ ವಿಪರೀತ. ಪ್ರಯೋಗಾಲಯದಲ್ಲಿ ಡೆಕ್ಸಾಮೆಥಾಸೋನ್ ಹಾಕಿ ಬೆಳೆಸಿದಾಗ ಈ ಜಾಲರಿಯ ಜೀವಕೋಶಗಳು ರಾಶಿಗಟ್ಟಲೆ ತಯಾರಿಸಿದ ಒಂದು ಪ್ರೋಟೀನಿನ ಜಾಡು ಹಿಡಿದೇ 1997ರಲ್ಲಿ ಗ್ಲಾಕೋಮಾಕ್ಕೆ ಸಂಬಂಧಿಸಿದ ಮಯೋಸಿಲಿನ್ ಜೀನ್ ಸಿಕ್ಕಿತು. ಕಣ್ಣಿನ ಹಾರ್ಮೋನು ಗ್ರಾಹಿಗಳಲ್ಲಿ ನಮ್ಮ ಊರುಗಳಿಗೆ ಅತ್ಯಂತ ದುಬಾರಿಯಾದದ್ದು ಈ ಸ್ಟಿರಾಯ್ಡ್ ಗ್ರಾಹಿಯೇ ಎಂದು ನನ್ನ ಅಭಿಪ್ರಾಯ. ಕಡಿಮೆ ಬೆಲೆಯ ಬಾಟಲಿ, ಚೀಟಿಯಿಲ್ಲದೆ ಕೈಗೆ ಬರುತ್ತದೆ. ಏರಿದ ಒತ್ತಡಕ್ಕೆ ಕಣ್ಣಿನ ನರ ಸತ್ತ ಮೇಲೆ ಕಳೆದ ನೋಟ ಮರಳುವುದಿಲ್ಲ. ಹುಡುಗನ ಕಣ್ಣಿನ ಒತ್ತಡ 34. ಇಪ್ಪತ್ತೊಂದರ ಒಳಗಿರಬೇಕಿತ್ತು. ಬಾಟಲಿ ಡಾಕ್ಟರಮ್ಮನ ಡ್ರಾವರಿಗೆ ಹೋಯಿತು, ವಾಪಸು ಬರಲಿಲ್ಲ.

ಪಕ್ಕದ ಕೋಣೆಯ ಪರದೆಯ ಮೇಲೆ ಬೂದು ಬಣ್ಣದ ಚಿತ್ರ: ಅಕ್ಷಿಪಟಲದ ಅಡ್ಡಸೀಳು. ನಟ್ಟನಡುವೆ ಪದರದ ಕೆಳಗೆ ಕಪ್ಪು ನೀರುಗುಳ್ಳೆ ಉಬ್ಬಿದೆ. ಕಣ್ಣಿನ ಒಡೆಯ ಮೂವತ್ತೆಂಟರ ಬ್ಯಾಂಕ್ ಉದ್ಯೋಗಿ. ನಡುವಿನ ನೋಟ ಮಸುಕು, ನೆಟ್ಟಗಿನ ಗೆರೆ ಡೊಂಕು. ಇದು ಹೆಚ್ಚಾಗಿ ನಡುವಯಸ್ಸಿನ ಗಂಡಸರ ಕಾಯಿಲೆ; ಒತ್ತಡದ ಬದುಕು, ಸ್ಟಿರಾಯ್ಡ್ ಸೇವನೆ ಎರಡರ ಹೆಸರೂ ಇದರ ಜೊತೆ ಕೇಳಿಬರುತ್ತದೆ. 2012ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ಅಕ್ಷಿಪಟಲದ ಹಿಂದಿನ ರಕ್ತನಾಳಗಳಲ್ಲಿ ಇನ್ನೊಂದು ಗ್ರಾಹಿಯತ್ತ ಬೆರಳು ತೋರಿಸಿದರು; ಮೂತ್ರಪಿಂಡದಲ್ಲಿ ಉಪ್ಪಿನ ಲೆಕ್ಕ ನೋಡಿಕೊಳ್ಳುವ ಮಿನರಲೋಕಾರ್ಟಿಕಾಯ್ಡ್ ಗ್ರಾಹಿ ಅದು. ಅದನ್ನು ತಡೆಯುವ ಎಪ್ಲೆರಿನೋನ್ ಮಾತ್ರೆ ಹೃದಯದ ಕಾಯಿಲೆಗೆ ಆಗಲೇ ಅಂಗಡಿಯಲ್ಲಿತ್ತು. ಜಗತ್ತಿನಾದ್ಯಂತ ವೈದ್ಯರು ಬರೆದುಕೊಡತೊಡಗಿದರು. ಬ್ರಿಟನ್ನಿನ 22 ಆಸ್ಪತ್ರೆಗಳಲ್ಲಿ 114 ರೋಗಿಗಳ ಮೇಲೆ ಅಚ್ಚುಕಟ್ಟಾಗಿ ಪರೀಕ್ಷೆ ನಡೆಸಿ 2020ರಲ್ಲಿ ಪ್ರಕಟಿಸಿದಾಗ, ಹುಸಿಮಾತ್ರೆಗಿಂತ ಅದು ಕಿಂಚಿತ್ತೂ ಮೇಲಾಗಿರಲಿಲ್ಲ. ಬ್ಯಾಂಕಿನವರಿಗೆ ಸದ್ಯಕ್ಕೆ ಹೇಳಿದ್ದು: ಕಾಯಿರಿ, ನಿದ್ದೆ ಮಾಡಿ, ಮೂರು ತಿಂಗಳಿಗೆ ಬನ್ನಿ. ಬಹಳ ಕಣ್ಣುಗಳಲ್ಲಿ ಆ ನೀರು ತಾನಾಗಿ ಇಂಗುತ್ತದೆ.

ಹಾಗೆಂದು ಗ್ರಾಹಿಯ ಬೆನ್ನು ಹತ್ತಿದವರೆಲ್ಲ ಬರಿಗೈಯಲ್ಲಿ ಮರಳಲಿಲ್ಲ. ಮಧ್ಯಾಹ್ನದ ಕೊನೆಯ ಸರದಿಯವರನ್ನು ನೋಡಿದರೆ ಕಾಯಿಲೆಯ ಹೆಸರು ಬಾಗಿಲಲ್ಲೇ ಹೇಳಬಹುದು. ಎರಡೂ ಕಣ್ಣುಗುಡ್ಡೆ ಮುಂದೆ ಬಂದಿವೆ, ಮೇಲ್ರೆಪ್ಪೆ ಹಿಂದಕ್ಕೆ ಸರಿದು ಕರಿಗುಡ್ಡೆಯ ಮೇಲೂ ಬಿಳುಪು ಕಾಣುತ್ತಿದೆ. ಯಾವಾಗಲೂ ಬೆಚ್ಚಿಬಿದ್ದ ಮುಖ. ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್ 1835ರಲ್ಲಿ ಬಣ್ಣಿಸಿದ ಥೈರಾಯ್ಡ್ ಕಾಯಿಲೆಯ ಮುಖ. ಕುತ್ತಿಗೆಯ ಗ್ರಂಥಿ ಕೆಟ್ಟರೆ ಕಣ್ಣು ಯಾಕೆ ಉಬ್ಬಬೇಕು ಎಂಬುದಕ್ಕೆ ಉತ್ತರ ಕಣ್ಣುಗುಡ್ಡೆಯ ಹಿಂದಿನ ಕೊಬ್ಬಿನಲ್ಲಿದೆ. ಅಲ್ಲಿನ ಜೀವಕೋಶಗಳಲ್ಲೂ ಥೈರಾಯ್ಡ್ ಗ್ರಂಥಿಯಲ್ಲಿರುವಂಥದೇ ಟಿಎಸ್‌ಎಚ್ ಗ್ರಾಹಿ ಇದೆ. ಗ್ರಂಥಿಯ ಮೇಲೆ ತಿರುಗಿಬಿದ್ದ ಪ್ರತಿಕಾಯಗಳು ಇಲ್ಲಿಯೂ ಅದನ್ನು ಕೆರಳಿಸುತ್ತವೆ. ಕೊಬ್ಬು, ಸ್ನಾಯು ಊದುತ್ತವೆ. ಮೂಳೆಯ ಗೂಡಿನಲ್ಲಿ ಜಾಗ ಸಾಲದೆ ಗುಡ್ಡೆ ಮುಂದಕ್ಕೆ ಬರುತ್ತದೆ. ಅದೇ ಜೀವಕೋಶಗಳ ಮೇಲೆ ಟಿಎಸ್‌ಎಚ್ ಗ್ರಾಹಿಯ ಜೊತೆಗೂಡಿ ಕೆಲಸ ಮಾಡುವ ಐಜಿಎಫ್-1 ಗ್ರಾಹಿಯೂ ಇದೆ. ಅದನ್ನು ತಡೆಯುವ ಟೆಪ್ರೊಟುಮುಮ್ಯಾಬ್ ಎಂಬ ಚುಚ್ಚುಮದ್ದಿಗೆ 2020ರ ಜನವರಿಯಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಮುಂದೆ ಬಂದ ಕಣ್ಣು ಶಸ್ತ್ರಚಿಕಿತ್ಸೆಯಿಲ್ಲದೆ ಹಿಂದೆ ಸರಿದದ್ದನ್ನು ಅದಕ್ಕೆ ಮೊದಲು ಯಾವ ಮದ್ದೂ ಇಷ್ಟು ಚೆನ್ನಾಗಿ ತೋರಿಸಿರಲಿಲ್ಲ. ಕೆಲವರಿಗೆ ಕಿವಿ ಮಂದವಾಗುತ್ತದೆ, ಸಕ್ಕರೆ ಏರುತ್ತದೆ. ಬೆಲೆಯಂತೂ ಈ ಬೆಂಚುಗಳ ಮೇಲೆ ಕೂತ ಯಾರ ಎಟುಕಿಗೂ ಬರುವಂಥದ್ದಲ್ಲ.

ಡಾಕ್ಟರಮ್ಮ ಸ್ಕೇಲಿನಂಥ ಉಪಕರಣ ಹಿಡಿದು ಎರಡೂ ಗುಡ್ಡೆ ಎಷ್ಟು ಮಿಲಿಮೀಟರ್ ಮುಂದಿವೆ ಎಂದು ಅಳೆದು ಬರೆದುಕೊಂಡರು. ರಕ್ತಪರೀಕ್ಷೆಯ ಚೀಟಿ ಹರಿದು ಕೊಟ್ಟರು. ಥೈರಾಯ್ಡ್ ಕಣ್ಣನ್ನು ಹೊಗೆಸೊಪ್ಪಿನ ಹೊಗೆಯಷ್ಟು ಕೆಡಿಸುವ ಇನ್ನೊಂದು ಚಟವಿಲ್ಲ ಎಂಬುದು ಹಳೆಯ ಅನುಭವ.

"ಬೀಡಿ ಬಿಟ್ರ್ಯಾ?"

"ಕಮ್ಮಿ ಮಾಡೇನ್ರೀ ಬಾಯಾರ."

"ಕಮ್ಮಿ ಅಲ್ಲರೀ ಕಾಕಾ, ಬಿಡಬೇಕು. ಅದಕ್ಕ ರೊಕ್ಕ ಹತ್ತೂದಿಲ್ಲ, ಉಳೀತೈತಿ."

ಕಾಕಾ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ, ಬೀಡಿಕಟ್ಟಿನ ಪಕ್ಕಕ್ಕೇ, ತುರುಕಿಕೊಂಡು ಲ್ಯಾಬಿನ ಕಡೆ ಹೊರಟರು.